ಬೋಲ್ಟ್ ಆಕ್ಷನ್ ಸೇನಾ ರೈಫಲ್‌ಗಳ ಸಂಗ್ರಹ (ಹತ್ತೊಂಬತ್ತನೆಯ ಶತಮಾನ)

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾನಾ ದೇಶಗಳ ಸೇನೆಗಳು ಬಳಸಿದ, ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ನಡೆಸಿ ತೋಟಾ ತುಂಬುವ ರೈಫಲ್‌ಗಳನ್ನು ಐತಿಹಾಸಿಕ ವಸ್ತುಗಳೆಂದು ಹುಡುಕಿ, ಗುರುತಿಸಿ, ವರ್ಗೀಕರಿಸಿ, ಕಾಪಾಡುವ ಹವ್ಯಾಸ ಮತ್ತು ಅಧ್ಯಯನವನ್ನು ಬೋಲ್ಟ್ ಆಕ್ಷನ್ ಸೇನಾ ರೈಫಲ್‌ಗಳ ಸಂಗ್ರಹ ಎನ್ನುತ್ತಾರೆ. ಇದರ ಮುಖ್ಯ ವ್ಯಾಪ್ತಿ 1866ರ ಫ್ರೆಂಚ್ ಶಾಸ್ಪೋದಿಂದ 1898ರ ಜರ್ಮನ್ ಮೌಸರ್‌ವರೆಗಿನ ಅವಧಿ. ರೈಫಲ್‌ನ ಮೈಮೇಲಿನ ಮುದ್ರೆ, ಸಂಖ್ಯೆ, ಮಾರ್ಪಾಡಿನ ಗುರುತುಗಳೇ ಈ ಕ್ಷೇತ್ರದ ಮೂಲ ಆಕರ. ಬೆಲೆಯೂ ಅವುಗಳನ್ನೇ ಅನುಸರಿಸುತ್ತದೆ. ಅಮೆರಿಕ, ಕೆನಡಾ, ಬ್ರಿಟನ್ ಹಾಗೂ ಯುರೋಪಿನ ಹಲವು ದೇಶಗಳಲ್ಲಿ ಈ ಹವ್ಯಾಸ ಬೇರೂರಿದೆ. ಭಾರತದಲ್ಲಿ ಕಾನೂನಿನ ಕಾರಣದಿಂದ ಅದು ಬಹಳ ಸೀಮಿತ.

ಪರಿಭಾಷೆ

ಗುಂಡು ಸಾಗುವ ಉಕ್ಕಿನ ಕೊಳವೆ ನಳಿಗೆ. ಗುಂಡು ತಿರುಗುತ್ತ ಹೋಗುವಂತೆ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳನ್ನು ಕೊರೆದ ಕೋವಿ ರೈಫಲ್. ಚಿಪ್ಪು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡು ನಾಲ್ಕೂ ಸೇರಿದ ಘಟಕ ತೋಟಾ. ಅದರಲ್ಲಿ ನಳಿಗೆಯಿಂದ ಹೊರಹೋಗುವ ಭಾಗ ಮಾತ್ರ ಗುಂಡು. ತೋಟಾ ಕೂರುವ ನಳಿಗೆಯ ಹಿಂಭಾಗಕ್ಕೆ ಚೇಂಬರ್, ಬೋಲ್ಟ್ ಓಡಾಡುವ ಉಕ್ಕಿನ ಕವಚಕ್ಕೆ ರಿಸೀವರ್, ಹೆಗಲಿಗೆ ಆನಿಸುವ ಮರದ ಭಾಗಕ್ಕೆ ಸ್ಟಾಕ್, ಹಲವು ತೋಟಾಗಳನ್ನು ಹಿಡಿದಿಟ್ಟು ಒಂದೊಂದಾಗಿ ಒದಗಿಸುವ ಭಾಗಕ್ಕೆ ಮ್ಯಾಗಜೀನ್ ಎಂದು ಹೆಸರು. ಕಪ್ಪು ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಹಳೆಯ ಮಿಶ್ರಣ. ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸ್ ಆಧಾರಿತವಾದದ್ದು.

ಮಾದರಿಯ ವರ್ಷ ಮತ್ತು ತಯಾರಿಕೆಯ ವರ್ಷ ಬೇರೆಬೇರೆ. 1891ರ ಮಾದರಿ ಎಂದರೆ ಆ ವರ್ಷ ಸೇನೆ ಒಪ್ಪಿಕೊಂಡ ವಿನ್ಯಾಸ. ಅದೇ ಮಾದರಿಯ ರಷ್ಯನ್ ರೈಫಲ್ ಎರಡನೆಯ ಮಹಾಯುದ್ಧದ ಕಾಲದಲ್ಲೂ ತಯಾರಾಗುತ್ತಿತ್ತು. ಹೊಸಬರು ಮೊದಲು ಎಡವುವುದು ಇಲ್ಲೇ.

ಉಗಮ

ಬೋಲ್ಟನ್ನು ಸೇನಾ ಕೋವಿಗೆ ಮೊದಲು ಯಶಸ್ವಿಯಾಗಿ ಅಳವಡಿಸಿದವನು ಜರ್ಮನಿಯ ಸೊಮ್ಮರ್ಡಾ ಊರಿನ ಯೋಹಾನ್ ನಿಕೋಲಾಸ್ ಫಾನ್ ಡ್ರೈಸ್. ಅವನ ಸೂಜಿಕೋವಿಯನ್ನು ಪ್ರಷ್ಯಾ 1841ರಲ್ಲಿ ಒಪ್ಪಿಕೊಂಡಿತು. ಕಾಗದದ ತೋಟಾವನ್ನು ಉದ್ದನೆಯ ಸೂಜಿಯೊಂದು ತೂರಿಹೋಗಿ ಒಳಗಿನ ಕೇಪನ್ನು ಚುಚ್ಚುತ್ತಿತ್ತು. ನಳಿಗೆಯ ಬಾಯಿಂದ ಮದ್ದು ತುಂಬಲು ಸೈನಿಕ ಎದ್ದು ನಿಲ್ಲಬೇಕಾಗಿದ್ದ ಕಾಲದಲ್ಲಿ ಮಲಗಿಕೊಂಡೇ ತುಂಬಬಹುದಾದ ಈ ಕೋವಿ 1866ರ ಆಸ್ಟ್ರಿಯಾ ಯುದ್ಧದಲ್ಲಿ ಪ್ರಷ್ಯಾಕ್ಕೆ ದೊಡ್ಡ ಅನುಕೂಲ ಒದಗಿಸಿತು. ಅದೇ ವರ್ಷ ಫ್ರಾನ್ಸ್, ಆಂತೊಯ್ನ್ ಶಾಸ್ಪೋನ 11 ಮಿಲಿಮೀಟರ್ ರೈಫಲನ್ನು ಸ್ವೀಕರಿಸಿತು. ಬೋಲ್ಟಿನ ತುದಿಯ ರಬ್ಬರ್ ಬಿಲ್ಲೆ ಹಿಂದಕ್ಕೆ ನುಗ್ಗುವ ಉರಿಯನ್ನು ತಡೆಯುತ್ತಿದ್ದುದರಿಂದ ಅದು ಡ್ರೈಸ್ ಕೋವಿಗಿಂತ ಬಹುದೂರ ಹೊಡೆಯುತ್ತಿತ್ತು.

ಕಾಗದದ ತೋಟಾದ ಜಾಗಕ್ಕೆ ಲೋಹದ ಚಿಪ್ಪು ಬಂದಾಗ ಬೋಲ್ಟ್ ಆಕ್ಷನ್ ನಿಜವಾಗಿ ನೆಲೆ ಕಂಡಿತು. ಚಿಪ್ಪೇ ಹಿಗ್ಗಿ ಚೇಂಬರನ್ನು ಮುಚ್ಚುವುದರಿಂದ ರಬ್ಬರ್ ಬಿಲ್ಲೆಯ ಅಗತ್ಯ ತಪ್ಪಿತು. ನೆಕ್ಕಾರ್ ನದಿಯ ದಡದ ಓಬರ್ನ್‌ಡಾರ್ಫಿನ ಪೌಲ್ ಮತ್ತು ವಿಲ್ಹೆಲ್ಮ್ ಮೌಸರ್ ಸಹೋದರರ 1871ರ ಮಾದರಿ, ಫ್ರಾನ್ಸಿನಲ್ಲಿ ಶಾಸ್ಪೋವನ್ನೇ ಲೋಹದ ತೋಟಾಕ್ಕೆ ಹೊಂದಿಸಿದ 1874ರ ಗ್ರಾ, ರಷ್ಯಾದ ಎರಡನೆಯ ಬೆರ್ಡನ್, ಹಾಲೆಂಡಿನ 1871ರ ಬೋಮಾಂಟ್, ಜಪಾನಿನ 1880ರ ಮುರಾತಾ ಎಲ್ಲವೂ ಈ ಘಟ್ಟದವು. ಇವೆಲ್ಲ ಒಂದು ಸಲಕ್ಕೆ ಒಂದೇ ತೋಟಾ ತುಂಬುವ, ಸುಮಾರು 11 ಮಿಲಿಮೀಟರ್ ವ್ಯಾಸದ ಸೀಸದ ಗುಂಡು ಹಾರಿಸುವ ಕಪ್ಪು ಮದ್ದಿನ ರೈಫಲ್‌ಗಳು. ಸ್ವಿಟ್ಜರ್ಲೆಂಡ್ ಮಾತ್ರ 1869ರಲ್ಲೇ ನಳಿಗೆಯ ಕೆಳಗೆ ಕೊಳವೆ ಮ್ಯಾಗಜೀನ್ ಇರುವ ವೆಟರ್ಲಿಯನ್ನು ಆಯ್ದುಕೊಂಡು ಉಳಿದವರಿಗಿಂತ ಹಲವು ವರ್ಷ ಮುಂದಿತ್ತು.

1884ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಪೋಲ್ ವಿಯೇಲ್ ಹೊಗೆರಹಿತ ಮದ್ದನ್ನು ತಯಾರಿಸಿದ್ದು ಈ ಚರಿತ್ರೆಯನ್ನು ಎರಡಾಗಿ ಸೀಳಿತು. ಯುದ್ಧಮಂತ್ರಿ ಜನರಲ್ ಬುಲಾಂಜೆಯ ಅವಸರದಲ್ಲಿ ರೂಪುಗೊಂಡ 8 ಮಿಲಿಮೀಟರ್‌ನ 1886ರ ಲೆಬೆಲ್ ಸೆಕೆಂಡಿಗೆ 600 ಮೀಟರಿಗೂ ಮೀರಿದ ವೇಗದಲ್ಲಿ ಗುಂಡು ಹಾರಿಸಿತು. ಹಿಂದಿನ ಗ್ರಾದ ವೇಗ ಸುಮಾರು 450 ಮೀಟರ್. ಹೊಗೆ ಏಳದ್ದರಿಂದ ಹೊಡೆದವನ ಜಾಗವೂ ತಿಳಿಯುತ್ತಿರಲಿಲ್ಲ. ಯುರೋಪಿನ ಎಲ್ಲ ಸೇನೆಗಳ ಕೈಯಲ್ಲಿದ್ದ ರೈಫಲ್‌ಗಳು ಒಮ್ಮೆಲೇ ಹಳತಾದವು. ಮುಂದಿನ 12 ವರ್ಷಗಳಲ್ಲಿ ಸೇನೆಗಳು ಒಂದರ ಹಿಂದೆ ಒಂದು ಹೊಸ ಮಾದರಿ ತಂದವು. ಸಂಗ್ರಾಹಕರಿಗೆ ಇಂದು ಇಷ್ಟೊಂದು ವೈವಿಧ್ಯ ಸಿಗುವುದು ಆ ಗಡಿಬಿಡಿಯ ಫಲ.

ರಚನೆ

ಬಾಗಿಲಿನ ಅಗುಳಿಯಂತೆ ಬೋಲ್ಟಿನ ಹಿಡಿಕೆಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ಚಿಪ್ಪು ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಗಿಳಿಸಿದರೆ ಹೊಸ ತೋಟಾ ಚೇಂಬರಿನಲ್ಲಿ ಕೂತು ಬೀಗ ಬೀಳುತ್ತದೆ. ಬೀಗ ಹಾಕುವ ಉಬ್ಬುಗಳಿಗೆ ಲಗ್ ಎಂದು ಹೆಸರು. ಕಪ್ಪು ಮದ್ದಿನ ಕಾಲದ ಮೌಸರ್, ಗ್ರಾಗಳಲ್ಲಿ ಹಿಡಿಕೆಯ ಬುಡವೇ ಲಗ್ ಆಗಿತ್ತು. ಹೊಗೆರಹಿತ ಮದ್ದಿನ ಒತ್ತಡಕ್ಕೆ ಅದು ಸಾಲದೆ ಬೋಲ್ಟಿನ ಮುಂತುದಿಯಲ್ಲಿ ಎದುರುಬದುರಾಗಿ ಎರಡು ಲಗ್ ಇಡುವ ಕ್ರಮ ಬಂತು. ಜೇಮ್ಸ್ ಪ್ಯಾರಿಸ್ ಲೀ ವಿನ್ಯಾಸದಲ್ಲಿ ಲಗ್‌ಗಳು ಬೋಲ್ಟಿನ ಹಿಂಭಾಗದಲ್ಲಿವೆ. ಇದರಿಂದ ಬಿಗಿತ ಸ್ವಲ್ಪ ಕಡಿಮೆಯಾದರೂ ಬೋಲ್ಟ್ ನಡೆಸುವುದು ಚುರುಕು.

ಇನ್ನೊಂದು ಬಗೆ ನೇರ ಎಳೆತದ್ದು. ಆಸ್ಟ್ರಿಯಾದ 1895ರ ಮಾನ್‌ಲಿಕರ್, ಸ್ವಿಟ್ಜರ್ಲೆಂಡಿನ ಶ್ಮಿಟ್-ರೂಬಿನ್‌ಗಳಲ್ಲಿ ಹಿಡಿಕೆಯನ್ನು ಮೇಲೆತ್ತುವ ಅಗತ್ಯವಿಲ್ಲ. ಹಿಂದೆ ಎಳೆದು ಮುಂದೆ ತಳ್ಳಿದರೆ ಒಳಗಿನ ಭಾಗ ತಾನಾಗಿ ತಿರುಗಿ ಬೀಗ ಬಿಚ್ಚಿ ಹಾಕುತ್ತದೆ.

ಮ್ಯಾಗಜೀನ್‌ನಲ್ಲಿ ನಾಲ್ಕು ಪರಿಹಾರಗಳು ಕಾಣುತ್ತವೆ. ವೆಟರ್ಲಿ, ಲೆಬೆಲ್, 1884ರಲ್ಲಿ ಮಾರ್ಪಟ್ಟ 71/84 ಮೌಸರ್‌ಗಳಲ್ಲಿ ನಳಿಗೆಯ ಕೆಳಗೆ ಕೊಳವೆ ಇದೆ. ಮಾನ್‌ಲಿಕರ್‌ನಲ್ಲಿ ತೋಟಾಗಳನ್ನು ತಗಡಿನ ಕ್ಲಿಪ್ಪಿನ ಸಮೇತ ಒಳಗೆ ತುಂಬುತ್ತಾರೆ. ಕೊನೆಯ ತೋಟಾ ಚೇಂಬರಿಗೆ ಹೋದ ಮೇಲೆ ಕ್ಲಿಪ್ಪು ಕೆಳಗಿನಿಂದ ಬೀಳುತ್ತದೆ. ಮೌಸರ್‌ನ 1889ರ ನಂತರದ ಮಾದರಿಗಳಲ್ಲಿ ಪಟ್ಟಿಯಿಂದ ಐದು ತೋಟಾಗಳನ್ನು ಹೆಬ್ಬೆರಳಿನಿಂದ ಕೆಳಕ್ಕೊತ್ತಿ ಪಟ್ಟಿಯನ್ನು ಎಸೆಯುವ ಕ್ರಮ. ಕೊನೆಗೆ ಗೆದ್ದದ್ದು ಇದೇ. ನಾರ್ವೆಯ ಕ್ರಾಗ್ ಮತ್ತು ಯೋರ್ಗೆನ್ಸನ್ ರೂಪಿಸಿದ ರೈಫಲ್‌ನ ಬಲಬದಿಯಲ್ಲಿ ತೆರೆಯುವ ಮುಚ್ಚಳವಿದ್ದು, ಅದರೊಳಕ್ಕೆ ತೋಟಾಗಳನ್ನು ಬಿಡಿಯಾಗಿ ಹಾಕಬಹುದು. ತುಂಬುವುದು ನಿಧಾನ, ಆದರೆ ಬೋಲ್ಟಿನ ನಯಕ್ಕೆ ಕ್ರಾಗ್‌ಗೆ ಸಾಟಿಯಿಲ್ಲ.

ಬ್ರಿಟನ್ ಮುಂತಾದ ಕಡೆ ಮ್ಯಾಗಜೀನನ್ನು ಮುಚ್ಚಿಡುವ ಕಟ್-ಆಫ್ ಎಂಬ ತಗಡೂ ಇತ್ತು. ಸಾಮಾನ್ಯವಾಗಿ ಒಂದೊಂದೇ ತೋಟಾ ತುಂಬಿ ಹೊಡೆಯಬೇಕು, ಮ್ಯಾಗಜೀನ್ ಆಪತ್ತಿಗೆ ಮಾತ್ರ ಎಂಬುದು ಆಗಿನ ಸೇನಾಧಿಕಾರಿಗಳ ನಿಲುವು. ಸೈನಿಕರು ಮದ್ದುಗುಂಡು ಪೋಲು ಮಾಡುತ್ತಾರೆಂಬ ಭಯ ಅವರಿಗಿತ್ತು.

ಪ್ರಮುಖ ಮಾದರಿಗಳು

ಸಂಗ್ರಾಹಕರ ಪಾಲಿಗೆ ಜರ್ಮನ್ ಗುಂಪು ಬಹಳ ದೊಡ್ಡದು. 1871ರ ಮೌಸರ್‌ನ ನಂತರ, ಲೆಬೆಲ್‌ಗೆ ಉತ್ತರವಾಗಿ ಸೇನಾ ಆಯೋಗವೊಂದು ಮೌಸರ್ ಸಂಸ್ಥೆಯನ್ನು ಬದಿಗಿಟ್ಟು ರೂಪಿಸಿದ್ದು 1888ರ ಗೆವೆರ್ (ಜರ್ಮನ್ ಭಾಷೆಯಲ್ಲಿ ರೈಫಲ್). ಮೌಸರ್‌ನ ಬೋಲ್ಟ್ ಕಲ್ಪನೆ, ಮಾನ್‌ಲಿಕರ್‌ನ ಕ್ಲಿಪ್ ಮ್ಯಾಗಜೀನ್, ನಳಿಗೆಯ ಮೇಲೊಂದು ತಗಡಿನ ಹೊರಕೊಳವೆ ಇವುಗಳ ಮಿಶ್ರಣ ಅದು. ಅದರ ತಯಾರಕರಲ್ಲಿ ಬರ್ಲಿನ್ನಿನ ಲುಡ್ವಿಗ್ ಲೋವೆ ಕಂಪನಿಯೂ ಒಂದು. ಮಾಲೀಕರು ಯಹೂದಿಗಳೆಂಬ ಕಾರಣಕ್ಕೆ ಹೆರ್ಮನ್ ಆಲ್ವಾರ್ಟ್ ಎಂಬಾತ 1892ರಲ್ಲಿ ಆ ರೈಫಲ್‌ಗಳ ವಿರುದ್ಧ ದ್ವೇಷದ ಕಿರುಹೊತ್ತಿಗೆ ಹೊರಡಿಸಿ ನ್ಯಾಯಾಲಯದಲ್ಲಿ ಶಿಕ್ಷೆ ಅನುಭವಿಸಿದ. 1888ರ ಗೆವೆರ್ ಮುಂದೆ ತುರ್ಕಿಗೆ ಹೋಯಿತು; ಚೀನಾದ ಹಾನ್‌ಯಾಂಗ್ ಕಾರ್ಖಾನೆಯಲ್ಲಿ ದಶಕಗಳ ಕಾಲ ನಕಲಾಗಿ ತಯಾರಾಯಿತು.

ಸ್ವದೇಶದಲ್ಲಿ ಹಿನ್ನಡೆ ಕಂಡ ಮೌಸರ್ ವಿದೇಶಿ ಕರಾರುಗಳಿಂದ ಬೆಳೆಯಿತು. 1887ರಲ್ಲಿ ತುರ್ಕಿಯ ಜೊತೆ ಲಕ್ಷಗಟ್ಟಲೆ ರೈಫಲ್‌ಗಳ ಕರಾರಾಯಿತು. ನಡುವೆ ಉತ್ತಮ ವಿನ್ಯಾಸ ಬಂದರೆ ಉಳಿದವನ್ನು ಅದರಂತೆಯೇ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಆದ್ದರಿಂದ 9.5 ಮಿಲಿಮೀಟರ್‌ನ 1887ರ ಮಾದರಿ ಅರ್ಧದಲ್ಲೇ ನಿಂತು 7.65 ಮಿಲಿಮೀಟರ್‌ನ 1890ರ ಮಾದರಿ ಬಂತು. 1889ರ ಬೆಲ್ಜಿಯನ್ ಮೌಸರ್‌ಗಳನ್ನು ತಯಾರಿಸಲೆಂದೇ ಲಿಯೇಜ್ ಬಳಿಯ ಹೆರ್ಸ್ಟಾಲಿನಲ್ಲಿ ಎಫ್‌ಎನ್ ಕಾರ್ಖಾನೆ ಹುಟ್ಟಿತು. 1891ರ ಆರ್ಜೆಂಟೀನಾ, 1893ರ ಸ್ಪೇನ್, 1895ರ ಚಿಲಿ, 1894 ಮತ್ತು 1896ರ ಸ್ವೀಡನ್ ಮಾದರಿಗಳು ಹಿಂಬಾಲಿಸಿದವು. 1898ರಲ್ಲಿ ಕ್ಯೂಬಾದ ಸ್ಯಾನ್ ಹ್ವಾನ್ ದಿಬ್ಬದಲ್ಲಿ 7 ಮಿಲಿಮೀಟರ್‌ನ ಸ್ಪ್ಯಾನಿಷ್ ಮೌಸರ್‌ನ ಏಟು ತಿಂದ ಅಮೆರಿಕ ತಾನು ಬಳಸುತ್ತಿದ್ದ ನಾರ್ವೆ ವಿನ್ಯಾಸದ ಕ್ರಾಗ್ ರೈಫಲನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಅದೇ 7 ಮಿಲಿಮೀಟರ್ ಮೌಸರ್ ದಕ್ಷಿಣ ಆಫ್ರಿಕಾದ ಬೋಯರ್ ರೈತರ ಕೈಯಲ್ಲಿ 1899ರಿಂದ 1902ರವರೆಗೆ ಬ್ರಿಟಿಷ್ ಸೇನೆಯನ್ನು ಕಾಡಿತು. ಬೋಯರ್ ಮಾಲೀಕರು ಸ್ಟಾಕಿನ ಮೇಲೆ ತಮ್ಮ ಹೆಸರು ಕೆತ್ತುತ್ತಿದ್ದರು. ಹೆಸರುಳ್ಳ ಅಂಥ ರೈಫಲ್‌ಗಳಿಗೆ ಪ್ರತ್ಯೇಕ ಬೇಡಿಕೆ ಇದೆ.

ಬ್ರಿಟಿಷ್ ಸಾಲು ಡಿಸೆಂಬರ್ 1888ರಲ್ಲಿ ಅಂಗೀಕಾರವಾದ .303 ಇಂಚಿನ ಲೀ-ಮೆಟ್‌ಫರ್ಡ್‌ನಿಂದ ಶುರುವಾಗುತ್ತದೆ. ವಿಲಿಯಮ್ ಮೆಟ್‌ಫರ್ಡ್‌ನ ಏಳು ಗೀರುಗಳ ನಳಿಗೆ ಕಪ್ಪು ಮದ್ದಿಗೆ ಒಗ್ಗಿದ್ದರೂ ಕಾರ್ಡೈಟ್ ಎಂಬ ಹೊಸ ಹೊಗೆರಹಿತ ಮದ್ದಿನ ಶಾಖಕ್ಕೆ ಬೇಗ ಸವೆಯಿತು. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯ ಐದು ಆಳ ಗೀರುಗಳ ನಳಿಗೆ ಬಂದು ರೈಫಲ್‌ನ ಹೆಸರು ಲೀ-ಎನ್‌ಫೀಲ್ಡ್ ಆಯಿತು. ಎಡಬದಿಯಲ್ಲಿ ಸಾವಿರಾರು ಗಜ ದೂರಕ್ಕೆ ಗುಂಪುಗುಂಡು ಹಾರಿಸಲೆಂದು ಅಳವಡಿಸಿದ ದೂರಗುರಿಯ ಸೈಟ್ ಇವುಗಳ ಗುರುತು. ಹಳೆಯ ಉದ್ದ ರೈಫಲ್‌ಗಳಲ್ಲಿ ಅನೇಕವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಟ್ಟಿಯಿಂದ ತುಂಬುವಂತೆ ಮಾರ್ಪಡಿಸಿದ್ದರಿಂದ, ಮೂಲರೂಪದಲ್ಲೇ ಉಳಿದ ಮೊದಲ ಮಾರ್ಕಿನ ಲೀ-ಮೆಟ್‌ಫರ್ಡ್ ಅಪರೂಪ.

ಫ್ರೆಂಚ್ ರೈಫಲ್‌ಗಳಿಗೂ ಇದೇ ಗತಿ. ಶಾಸ್ಪೋಗಳಲ್ಲಿ ಬಹುಪಾಲು ಗ್ರಾಗಳಾದವು; 1870-71ರ ಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕ ಹಲವು ಶಾಸ್ಪೋಗಳು ಮೌಸರ್ ತೋಟಾ ಬಳಸುವ ಕಾರ್ಬೈನ್ ಎಂಬ ಗಿಡ್ಡ ಕೋವಿಗಳಾದವು. 1893ರ ಮಾರ್ಪಾಡು ತಾಗದ ಲೆಬೆಲ್ ಇನ್ನೂ ವಿರಳ. ಇಟಲಿಯ 1870ರ ವೆಟರ್ಲಿಗೆ 1887ರಲ್ಲಿ ನಾಲ್ಕು ತೋಟಾಗಳ ಪೆಟ್ಟಿಗೆ ಮ್ಯಾಗಜೀನ್ ಸೇರಿಸಿ ವೆಟರ್ಲಿ-ವಿಟಾಲಿ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಅದೇ ಹಳೆಯ ನಳಿಗೆಯೊಳಗೆ 6.5 ಮಿಲಿಮೀಟರ್ ಕೊಳವೆ ತೂರಿಸಿ ಬಳಸಿದರು. ಈ ಕೊನೆಯ ರೂಪದಿಂದ ಗುಂಡು ಹಾರಿಸುವುದು ಅಪಾಯ ಎಂದು ಬಲ್ಲವರು ಎಚ್ಚರಿಸುತ್ತಾರೆ.

ರಷ್ಯಾದ 1891ರ ರೈಫಲ್ ಸೆರ್ಗೆಯ್ ಮೊಸಿನ್‌ನದು. ಬೆಲ್ಜಿಯಮಿನ ನಗಾಂ ಸಹೋದರರ ಕೆಲವು ಅಂಶಗಳೂ ಅದರಲ್ಲಿವೆ. ತುಲಾ, ಇಝೆವ್‌ಸ್ಕ್, ಸೆಸ್ತ್ರೊರೆತ್ಸ್ಕ್ ಕಾರ್ಖಾನೆಗಳು ಸಿದ್ಧವಾಗುವ ತನಕ ಫ್ರಾನ್ಸಿನ ಶಾತೆಲ್ರೋ ಕಾರ್ಖಾನೆ ಸುಮಾರು 5 ಲಕ್ಷ ರೈಫಲ್ ತಯಾರಿಸಿಕೊಟ್ಟಿತು. ಜಪಾನಿನ ಮುರಾತಾಗಳು ಸೇನೆಯಿಂದ ನಿವೃತ್ತವಾದ ಮೇಲೆ ಗೀರು ಅಳಿಸಿಕೊಂಡು ಬೇಟೆಕೋವಿಗಳಾದದ್ದರಿಂದ ಸೇನಾರೂಪದಲ್ಲಿ ಸಿಗುವುದು ಕಷ್ಟ. 1897ರ ಅರಿಸಾಕಾ ಅವುಗಳ ಮುಂದಿನ ತಲೆಮಾರು. ಇಟಲಿಯ 1891ರ ಕಾರ್ಕಾನೊ, ರೊಮೇನಿಯಾ ಮತ್ತು ಹಾಲೆಂಡಿನ 6.5 ಮಿಲಿಮೀಟರ್ ಮಾನ್‌ಲಿಕರ್‌ಗಳು, ಪೋರ್ಚುಗಲ್ಲಿನ 1886ರ ಕ್ರೊಪಾಟ್ಷೆಕ್, ಅಮೆರಿಕದ ನೌಕಾಪಡೆಯ 1895ರ 6 ಮಿಲಿಮೀಟರ್ ಲೀ ಇತರ ಗಮನಾರ್ಹ ಮಾದರಿಗಳು.

ಹವ್ಯಾಸದ ಬೆಳವಣಿಗೆ

ಸೇನೆಗಳು ಹಳೆಯ ರೈಫಲ್ ಮಾರಿದಾಗಲೆಲ್ಲ ಈ ಹವ್ಯಾಸಕ್ಕೆ ಸರಕು ಒದಗಿದೆ. ಅಮೆರಿಕದ ಫ್ರಾನ್ಸಿಸ್ ಬ್ಯಾನರ್ಮನ್ 1898ರ ಸ್ಪ್ಯಾನಿಷ್ ಯುದ್ಧದಲ್ಲಿ ಸೆರೆಸಿಕ್ಕ ಶಸ್ತ್ರಾಸ್ತ್ರಗಳಲ್ಲಿ ಬಹುಪಾಲನ್ನು ಕೊಂಡ. ಅವನ್ನು ಇಡಲು ನ್ಯೂಯಾರ್ಕ್ ನಗರದಲ್ಲಿ ಜಾಗ ಸಾಲದೆ ಹಡ್ಸನ್ ನದಿಯ ಪೊಲೆಪೆಲ್ ದ್ವೀಪವನ್ನೇ ಖರೀದಿಸಿ ಉಗ್ರಾಣ ಕಟ್ಟಿದ. ಅವನ ಮಾರಾಟದ ಪಟ್ಟಿಗಳು ಈಗ ತಾವೇ ಸಂಗ್ರಹದ ವಸ್ತುಗಳಾಗಿವೆ. 1953ರಲ್ಲಿ ಸ್ಯಾಮ್ಯುಯೆಲ್ ಕಮಿಂಗ್ಸ್ ಸ್ಥಾಪಿಸಿದ ಇಂಟರಾರ್ಮ್ಕೊ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಉಗ್ರಾಣಗಳಿಂದ ಹಳೆಯ ರೈಫಲ್‌ಗಳನ್ನು ಹಡಗುಗಟ್ಟಲೆ ಅಮೆರಿಕಕ್ಕೆ ತಂದಿತು. ಅಂಚೆಯಲ್ಲಿ ತರಿಸಿಕೊಳ್ಳಬಹುದಾದಷ್ಟು ಸುಲಭ, ಅಗ್ಗ. ಕೊಂಡವರಲ್ಲಿ ಹಲವರು ಸ್ಟಾಕನ್ನು ಕತ್ತರಿಸಿ, ಸೈಟ್ ಕಿತ್ತು, ಜಿಂಕೆ ಬೇಟೆಗೆ ಹೊಂದಿಸಿಕೊಂಡರು. ಸ್ಪೋರ್ಟರ್ ಎಂದು ಕರೆಯುವ ಇಂಥ ತುಂಡರಿಸಿದ ರೈಫಲ್‌ಗಳು ಸಂಗ್ರಾಹಕರ ಕಣ್ಣಿಗೆ ಬಿಡಿಭಾಗಗಳ ಗಣಿ ಮಾತ್ರ.

1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಗೆ ಬಳಕೆಯಾದದ್ದು ಅಂಚೆಯಲ್ಲಿ ತರಿಸಿದ ಇಟಾಲಿಯನ್ ಕಾರ್ಕಾನೊ. ನಂತರದ ಚರ್ಚೆಯ ಫಲವಾಗಿ ಬಂದ 1968ರ ಬಂದೂಕು ನಿಯಂತ್ರಣ ಕಾಯಿದೆ ಅಂಚೆ ಮಾರಾಟವನ್ನೂ ಸೇನಾ ಮಿಗತೆಯ ಆಮದನ್ನೂ ತಡೆಯಿತು. 1980ರ ದಶಕದಲ್ಲಿ ಆಮದು ಭಾಗಶಃ ಮತ್ತೆ ತೆರೆಯಿತು. ಹೀಗೆ ತಂದ ರೈಫಲ್ ಮೇಲೆ ಆಮದುದಾರನ ಹೆಸರು, ಊರುಗಳನ್ನು ಅಚ್ಚೊತ್ತುವುದು ಕಡ್ಡಾಯ. ಆ ಅಚ್ಚು ಇಲ್ಲದ ರೈಫಲ್ ಹಳೆಯ ಆಮದು ಅಥವಾ ಯುದ್ಧದಿಂದ ಮರಳಿದವನ ನೆನಪಿನ ವಸ್ತು ಇರಬಹುದೆಂಬ ಊಹೆಯಿಂದ ಅದಕ್ಕೆ ಹೆಚ್ಚು ಬೆಲೆ ಬರುತ್ತದೆ.

ಮುದ್ರೆಗಳು ಮತ್ತು ಸಂಖ್ಯೆಗಳು

ಕಾರ್ಖಾನೆಯಿಂದ ಉಗ್ರಾಣಕ್ಕೆ, ಅಲ್ಲಿಂದ ರೆಜಿಮೆಂಟಿಗೆ, ದುರಸ್ತಿಗೆ, ಮಾರಾಟಕ್ಕೆ ಹೋದ ಪ್ರತಿ ಹಂತದಲ್ಲೂ ಸೇನಾ ರೈಫಲ್ ಒಂದು ಮುದ್ರೆ ಹೊಡೆಸಿಕೊಳ್ಳುತ್ತದೆ. ರಿಸೀವರ್ ಮೇಲೆ ತಯಾರಕನ ಹೆಸರು, ವರ್ಷ, ರಾಜಲಾಂಛನ. ನಳಿಗೆಯ ಮೇಲೆ ಒತ್ತಡ ಪರೀಕ್ಷೆಯ ಗುರುತು. ಸಣ್ಣ ಭಾಗಗಳ ಮೇಲೆ ಕಿರೀಟವಿರುವ ತಪಾಸಣೆಯ ಅಕ್ಷರಗಳು. ಸ್ಟಾಕಿನ ಬದಿಯಲ್ಲಿ ಮರಕ್ಕೊತ್ತಿದ ಮೊಹರು.

ಬ್ರಿಟಿಷ್ ಸರ್ಕಾರಿ ಸ್ವತ್ತಿನ ಗುರುತು ಅಗಲ ಬಾಣ. ಭಾರತ ಸರ್ಕಾರದ ಸ್ವತ್ತಾದರೆ ಬಾಣದ ಜೊತೆ ‘ಐ’ ಅಕ್ಷರ. ತುದಿಗೆ ತುದಿ ತಾಗಿಸಿ ಎರಡು ಬಾಣ ಒತ್ತಿದ್ದರೆ ಸರ್ಕಾರ ಅದನ್ನು ಮಾರಿದೆ ಎಂದರ್ಥ. ವಿಕ್ಟೋರಿಯಾ ರಾಣಿಯ ಕಾಲದ ಲೀ ರೈಫಲ್‌ಗಳಲ್ಲಿ ಕಿರೀಟದ ಕೆಳಗೆ ‘ವಿ.ಆರ್.’ ಎಂದಿರುತ್ತದೆ. ಜರ್ಮನ್ ರೈಫಲ್‌ಗಳಲ್ಲಿ ರೆಜಿಮೆಂಟ್, ಕಂಪನಿ, ಕೋವಿಯ ಕ್ರಮಸಂಖ್ಯೆಗಳನ್ನು ಸಂಕ್ಷಿಪ್ತವಾಗಿ ಒತ್ತಿರುವುದರಿಂದ ಯಾವ ದಳದ ಎಷ್ಟನೆಯ ಕೋವಿ ಎಂಬುದನ್ನೂ ಹೇಳಬಹುದು. ಸ್ವೀಡಿಷ್ ಮೌಸರ್‌ನ ಸ್ಟಾಕಿನಲ್ಲಿ ಹಿತ್ತಾಳೆಯ ಬಿಲ್ಲೆ ಇರುತ್ತದೆ. ಸ್ವಿಸ್ ರೈಫಲ್‌ನ ಮೇಲೆ ‘ಪಿ’ ಅಕ್ಷರವಿದ್ದರೆ ಅದು ಸೇವೆ ಮುಗಿಸಿದ ಸೈನಿಕನ ಖಾಸಗಿ ಸ್ವತ್ತಾಗಿದೆ. ಫಿನ್ಲೆಂಡ್ ಸೇನೆ ರಷ್ಯನ್ ರೈಫಲ್‌ಗಳನ್ನು ಪಡೆದು ‘ಎಸ್‌ಎ’ ಮೊಹರು ಹಾಕಿ ಹೊಸ ನಳಿಗೆ ಜೋಡಿಸಿತು. ಅವುಗಳ ನಿಜವಾದ ವರ್ಷ ತಿಳಿಯಬೇಕಾದರೆ ಸ್ಟಾಕನ್ನು ಬಿಚ್ಚಿ ರಿಸೀವರಿನ ಬಾಲದ ಅಡಿಯ ದಿನಾಂಕವನ್ನು ನೋಡಬೇಕು.

ಮುದ್ರೆ ಅಳಿಸಿರುವುದೂ ಒಂದು ಸಾಕ್ಷಿ. ಆರ್ಜೆಂಟೀನಾ ಮಾರುವ ಮುನ್ನ ಅನೇಕ ರೈಫಲ್‌ಗಳ ಲಾಂಛನವನ್ನು ಉಜ್ಜಿ ತೆಗೆಯಿತು. ಜಪಾನಿನ ಅರಿಸಾಕಾಗಳ ಮೇಲಿನ ಸೇವಂತಿಗೆಯ ರಾಜಮುದ್ರೆ ಶಾಲೆಗಳಿಗೆ ಕೊಡುವಾಗಲೋ 1945ರ ಶರಣಾಗತಿಯ ಕಾಲದಲ್ಲೋ ಹೀಗೆಯೇ ಅಳಿಯಿತು. ಲಾಂಛನ ಉಳಿದ ಪ್ರತಿಗೂ ಉಜ್ಜಿದ ಪ್ರತಿಗೂ ಬೆಲೆಯಲ್ಲಿ ಅಜಗಜಾಂತರ.

ಮೌಲ್ಯ ನಿರ್ಣಯ

ಬೆಲೆ ಕಟ್ಟುವಾಗ ಮೊದಲು ನೋಡುವುದು ರಿಸೀವರ್, ಬೋಲ್ಟ್, ನಳಿಗೆ, ಸ್ಟಾಕ್, ತಿರುಪುಗಳವರೆಗೆ ಎಲ್ಲದರ ಮೇಲಿನ ಸಂಖ್ಯೆ ಒಂದೇ ಆಗಿದೆಯೇ ಎಂಬುದನ್ನು. ಆಮೇಲೆ ಲೋಹದ ಮೂಲ ನೀಲಿಬಣ್ಣ ಎಷ್ಟು ಉಳಿದಿದೆ, ಸ್ಟಾಕನ್ನು ಯಾರಾದರೂ ಉಜ್ಜಿ ಹೊಳಪು ಕೊಟ್ಟಿದ್ದಾರೆಯೇ, ನಳಿಗೆಯೊಳಗಿನ ಗೀರುಗಳು ಚೊಕ್ಕವಾಗಿವೆಯೇ ಎಂದು ಪರೀಕ್ಷೆ. ಕೊನೆಗೆ ಬಯೊನೆಟ್, ಹೆಗಲಪಟ್ಟಿ, ಶುಚಿಗೊಳಿಸುವ ಕಡ್ಡಿಯಂಥ ಉಪಾಂಗಗಳು. ಒಂದೇ ಸಂಖ್ಯೆಯ ಬಯೊನೆಟ್ ಜೊತೆಗಿದ್ದರೆ ಬೆಲೆ ಏರುತ್ತದೆ. ಅಮೆರಿಕದಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ರೂಪಿಸಿದ ಸ್ಥಿತಿಶ್ರೇಣಿಗಳನ್ನು ಹರಾಜುದಾರರು ಆಧಾರವಾಗಿ ಬಳಸುತ್ತಾರೆ. ಲೀ-ಎನ್‌ಫೀಲ್ಡ್ ಬಗ್ಗೆ ಆಸ್ಟ್ರೇಲಿಯಾದ ಇಯಾನ್ ಸ್ಕೆನರ್‌ಟನ್, ಮೌಸರ್ ಬಗ್ಗೆ ಲುಡ್ವಿಗ್ ಓಲ್ಸನ್ ಮತ್ತು ರಾಬರ್ಟ್ ಬಾಲ್ ಬರೆದ ಪುಸ್ತಕಗಳು ಮುದ್ರೆ ಓದುವವರ ಕೈಪಿಡಿಗಳು.

ಸೇನೆಯೇ ಮಾಡಿದ ಮಾರ್ಪಾಡು ದೋಷವಲ್ಲ. ಅಂಕಾರಾದಲ್ಲಿ 1930ರ ದಶಕದಲ್ಲಿ 7.92 ಮಿಲಿಮೀಟರಿಗೆ ಬದಲಾದ 1893ರ ತುರ್ಕಿ ಮೌಸರ್, ಅದೇ ದಶಕದಲ್ಲಿ ‘ಎಸ್’ ಮುದ್ರೆ ಹೊಡೆಸಿಕೊಂಡು ಹೊಸ 8 ಮಿಲಿಮೀಟರ್ ತೋಟಾಕ್ಕೆ ಹೊಂದಿಕೊಂಡ 1895ರ ಮಾನ್‌ಲಿಕರ್ ಎರಡೂ ತಮ್ಮದೇ ವರ್ಗಗಳಾಗಿ ಮಾನ್ಯ. ಖಾಸಗಿಯವರು ಮಾಡಿದ ಮಾರ್ಪಾಡಿಗೆ ಆ ಮಾನ್ಯತೆಯಿಲ್ಲ.

ನಕಲಿಗಳ ಹಾವಳಿ ಕಡಿಮೆಯಲ್ಲ. ಪಾಕಿಸ್ತಾನದ ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಂ ಖೇಲ್ ಮತ್ತು ಸುತ್ತಮುತ್ತಲ ಕಮ್ಮಾರರು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬ್ರಿಟಿಷ್ ರೈಫಲ್‌ಗಳ ನಕಲು ತಯಾರಿಸಿದ್ದಾರೆ. ಅಕ್ಷರ ತಪ್ಪಿದ ಕಾರ್ಖಾನೆಯ ಹೆಸರು, ತಿರುಗುಮುರುಗಾದ ಇಂಗ್ಲಿಷ್ ಅಕ್ಷರಗಳು, ರಾಣಿಯ ಆಳ್ವಿಕೆಗೆ ಹೊಂದದ ಇಸವಿಗಳು ಅವುಗಳ ಲಕ್ಷಣ. 2001ರ ನಂತರ ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ ಪಾಶ್ಚಾತ್ಯ ಸೈನಿಕರು ಇಂಥವನ್ನು ಅಸಲಿಯೆಂದು ನಂಬಿ ಕೊಂಡುಹೋದದ್ದುಂಟು. ಇವಕ್ಕಿಂತ ಅಪಾಯಕಾರಿ ಎಂದರೆ ಅಸಲಿ ರೈಫಲ್‌ನ ಬಿಡಿಭಾಗಗಳ ಸಂಖ್ಯೆ ಉಜ್ಜಿ ಹೊಂದುವ ಸಂಖ್ಯೆ ಕೊರೆಯುವ ವಂಚನೆ. ಇದನ್ನು ಕಂಡುಹಿಡಿಯಲು ಪಳಗಿದ ಕಣ್ಣು ಬೇಕು.

ಸಂರಕ್ಷಣೆ

ಉಗ್ರಾಣದಿಂದ ಬಂದ ರೈಫಲ್ ಸಾಮಾನ್ಯವಾಗಿ ಕಾಸ್ಮೊಲಿನ್ ಎಂಬ ದಪ್ಪ ಜಿಡ್ಡಿನಲ್ಲಿ ಮುಳುಗಿರುತ್ತದೆ. ಅದನ್ನು ತೆಗೆದು ಲೋಹಕ್ಕೆ ತೆಳುವಾಗಿ ಎಣ್ಣೆ, ಒಣಗಿದ ಮರಕ್ಕೆ ಅಗಸೆ ಎಣ್ಣೆ ಸವರುವುದು ರೂಢಿ. ಮರಳುಕಾಗದ, ವಾರ್ನಿಷ್, ಹೊಸ ನೀಲಿಬಣ್ಣ ನಿಷಿದ್ಧ. ಕಾಲದಿಂದ ಬಂದ ಕಂದುಮೈಯನ್ನು ಉಳಿಸಿ, ತಿನ್ನುತ್ತಿರುವ ತುಕ್ಕನ್ನಷ್ಟೇ ತಡೆಯಬೇಕು ಎಂಬುದು ವಸ್ತುಸಂಗ್ರಹಾಲಯಗಳ ನೀತಿ. ಹಳೆಯ ಕೇಪುಗಳು ಸಿಡಿದಾಗ ಉಳಿಯುವ ಲವಣ ತೇವ ಹೀರುವುದರಿಂದ, ಅಂಥ ತೋಟಾ ಬಳಸಿದ ನಳಿಗೆಯನ್ನು ಬಿಸಿನೀರಿನಿಂದ ತೊಳೆಯದೆ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ.

ಬಳಕೆ

ಪ್ರದರ್ಶನ, ಸಂಶೋಧನೆ, ಚಲನಚಿತ್ರ ಹಾಗೂ ಯುದ್ಧ ಪುನರಭಿನಯಗಳಿಗೆ ಈ ರೈಫಲ್‌ಗಳು ಬಳಕೆಯಾಗುತ್ತವೆ. ಕಾನೂನು ಒಪ್ಪುವ ದೇಶಗಳಲ್ಲಿ ಗುರಿಕ್ರೀಡೆಗೂ ಬಳಸುತ್ತಾರೆ. 11 ಮಿಲಿಮೀಟರ್‌ನಂಥ ತೋಟಾಗಳು ದೊಡ್ಡ ಪ್ರಮಾಣದಲ್ಲಿ ತಯಾರಾಗುವುದು ನಿಂತು ಬಹಳ ಕಾಲವಾಗಿದೆ. 1888ರ ಗೆವೆರ್‌ನ ಮೂಲ ಗುಂಡಿನ ವ್ಯಾಸ ಸುಮಾರು 8.1 ಮಿಲಿಮೀಟರ್, 1905ರ ನಂತರ ಬಂದ ಅದೇ ಹೆಸರಿನ ತೋಟಾದ ಗುಂಡು 8.2 ಮಿಲಿಮೀಟರ್, ಒತ್ತಡವೂ ಹೆಚ್ಚು. ಹೆಸರು ಒಂದೇ ಎಂದು ತುಂಬಿದರೆ ಅನಾಹುತವಾಗಬಹುದು. ಚೇಂಬರಿನ ಅಳತೆಯನ್ನು ಶಸ್ತ್ರತಜ್ಞರಿಂದ ಪರೀಕ್ಷಿಸದ ಯಾವ ಹಳೆಯ ರೈಫಲ್‌ನಿಂದಲೂ ಗುಂಡು ಹಾರಿಸಬಾರದು.

ಕಾನೂನು

ಅಮೆರಿಕದ 1968ರ ಕಾಯಿದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದ ಕೋವಿ ಪುರಾತನ ವಸ್ತು. ಕೇಂದ್ರ ಕಾನೂನಿನ ಮಟ್ಟಿಗೆ ಬಂದೂಕೇ ಅಲ್ಲ. ರಾಜ್ಯಗಳ ಕಾನೂನು ಬೇರೆ ಇರಬಹುದು. 1898 ಮತ್ತು 1899ರ ನಡುವಿನ ಈ ಗೆರೆ ಯಂತ್ರಶಾಸ್ತ್ರದಲ್ಲಿ ಏನನ್ನೂ ಸೂಚಿಸುವುದಿಲ್ಲ, ಆದರೆ ಮಾರುಕಟ್ಟೆಯನ್ನು ಆಳುತ್ತದೆ: ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ರೈಫಲ್‌ಗಳಲ್ಲಿ 1898ರದ್ದಕ್ಕೆ ಹೆಚ್ಚು ಬೆಲೆ. ಕೆನಡಾದಲ್ಲಿ 1898ಕ್ಕೆ ಮುಂಚಿನದಾಗಿದ್ದರೆ ಸಾಲದು. ಕೇಂದ್ರದಲ್ಲಿ ಕೇಪಿರುವ ತೋಟಾದ ರೈಫಲ್ ಆದರೆ ನಳಿಗೆಯ ವ್ಯಾಸ 8.3 ಮಿಲಿಮೀಟರ್ ಅಥವಾ ಹೆಚ್ಚಿರಬೇಕು. ಹೀಗಾಗಿ 1871ರ ಮೌಸರ್ ಅಲ್ಲಿ ಪುರಾತನ ವಸ್ತು. 1888ರ ಗೆವೆರ್ ಅಲ್ಲ. ಬ್ರಿಟನ್ ತೋಟಾದ ಆಧಾರದ ಮೇಲೆ ನಿರ್ಧರಿಸುತ್ತದೆ. 2021ರ ಪುರಾತನ ಬಂದೂಕುಗಳ ನಿಯಮಾವಳಿಯ ಪಟ್ಟಿಯಲ್ಲಿರುವ ಬಳಕೆತಪ್ಪಿದ ತೋಟಾದ್ದಾಗಿದ್ದು, ಕುತೂಹಲ ಅಥವಾ ಅಲಂಕಾರದ ವಸ್ತುವಾಗಿ ಇಟ್ಟುಕೊಂಡರೆ ಪರವಾನಗಿ ಬೇಡ; .303 ಆ ಪಟ್ಟಿಯಲ್ಲಿಲ್ಲ.

ಭಾರತ ಮತ್ತು ಕರ್ನಾಟಕ

1857ರ ಬಂಡಾಯದ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ತಮ್ಮ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಶಸ್ತ್ರ ಕೊಡುವ ನೀತಿ ಅನುಸರಿಸಿದರು. ಬ್ರಿಟಿಷ್ ರೆಜಿಮೆಂಟುಗಳು ಲೀ-ಮೆಟ್‌ಫರ್ಡ್ ಹಿಡಿದಾಗ ಸಿಪಾಯಿಯ ಕೈಯಲ್ಲಿ ಬೋಲ್ಟ್ ಇಲ್ಲದ ಮಾರ್ಟಿನಿ-ಹೆನ್ರಿ ಇತ್ತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ .303ರ ಗುಂಡು ಎದುರಾಳಿಯನ್ನು ನಿಲ್ಲಿಸುತ್ತಿಲ್ಲವೆಂಬ ದೂರು ಬಂದ ಮೇಲೆ, ಕಲ್ಕತ್ತಾ ಬಳಿಯ ಡಮ್ ಡಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಮೂತಿ ತೆರೆದ ಗುಂಡನ್ನು ರೂಪಿಸಿದ. 1899ರ ಹೇಗ್ ಘೋಷಣೆ ದೇಹದೊಳಗೆ ಅರಳುವ ಇಂಥ ಗುಂಡುಗಳನ್ನು ನಿಷೇಧಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂಗಾಳದ ಈಶಾಪುರದಲ್ಲಿ ರೈಫಲ್ ಕಾರ್ಖಾನೆ ನೆಲೆಗೊಂಡು ಲೀ-ಎನ್‌ಫೀಲ್ಡ್ ತಯಾರಿಸತೊಡಗಿತು. ಸೇನಾ ತೋಟಾಗಳು ನಾಗರಿಕರಿಗೆ ನಿಷಿದ್ಧವಾದ್ದರಿಂದ ಮಾನ್‌ಲಿಕರ್ ಮೂಲದ .315 ತೋಟಾದ ಬೇಟೆ ರೈಫಲ್ ಇಲ್ಲಿ ರೂಢಿಗೆ ಬಂತು. ಈಶಾಪುರ ಅದನ್ನೂ ತಯಾರಿಸಿದೆ.

1959ರ ಶಸ್ತ್ರಾಸ್ತ್ರ ಕಾಯಿದೆಗೆ ಅಮೆರಿಕದಂತೆ ವರ್ಷದ ಗೆರೆ ಇಲ್ಲ. ಹಳೆಯ ನಮೂನೆಯ ಅಥವಾ ಪುರಾತನ ಮೌಲ್ಯದ ಆಯುಧ, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿದ್ದರೆ ಮಾತ್ರ 45ನೆಯ ಕಲಮಿನ ವಿನಾಯಿತಿ ಸಿಗುತ್ತದೆ. ಗುಂಡು ಹಾರಿಸಬಲ್ಲ 1871ರ ಮೌಸರ್‌ಗೂ ಪರವಾನಗಿ ಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು ಸಂಗ್ರಹದ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆ ಅನ್ವಯಿಸುವುದರಿಂದ ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ.

ಕರ್ನಾಟಕದಲ್ಲಿ ಕೊಡಗಿನ ಸ್ಥಿತಿ ಭಿನ್ನ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ 1861ರಲ್ಲಿ ಬ್ರಿಟಿಷ್ ಆಡಳಿತ ಕೊಟ್ಟ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರ ಕೇಂದ್ರ ಅಧಿಸೂಚನೆಯಿಂದ 2029ರವರೆಗೆ ವಿಸ್ತರಣೆಯಾಗಿದೆ. ನಿಗದಿತ ಮಿತಿಯೊಳಗೆ ಅವರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೈಲ್ ಪೊಳ್ದ್ ಹಬ್ಬದಂದು ಮನೆಯ ಕೋವಿಗೆ ಪೂಜೆ ಸಲ್ಲುತ್ತದೆ. ಇದು ಕುಲಾಚಾರ, ಸಂಗ್ರಹ ಹವ್ಯಾಸವಲ್ಲ, ಎರಡನ್ನೂ ಬೆರೆಸಬಾರದು.

ಇಂದಿನ ಸ್ಥಿತಿ

ದೊಡ್ಡ ಉಗ್ರಾಣಗಳು ಬರಿದಾಗುತ್ತ ಬಂದಿವೆ. ಇಥಿಯೋಪಿಯಾದಿಂದ ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಗ್ರಾ, ವೆಟರ್ಲಿ, ಕಾರ್ಕಾನೊಗಳು ಬಹುಪಾಲು ತುಕ್ಕು ಹಿಡಿದು ಮುರಿದ ಸ್ಥಿತಿಯಲ್ಲಿದ್ದರೂ ಮಾರಾಟವಾದವು. ಐರೋಪ್ಯ ಒಕ್ಕೂಟದಲ್ಲಿ 2016ರಿಂದ ಬಂದೂಕುಗಳನ್ನು ನಿಷ್ಕ್ರಿಯಗೊಳಿಸುವ ಒಂದೇ ಕ್ರಮ ಜಾರಿಯಲ್ಲಿದ್ದು, ಬೋಲ್ಟನ್ನು ಬೆಸೆದುಬಿಡುವ ಈ ವಿಧಾನ ಯಂತ್ರರಚನೆಯ ಅಧ್ಯಯನಕ್ಕೆ ಅಡ್ಡಿಯೆಂದು ಸಂಗ್ರಾಹಕರು ಆಕ್ಷೇಪಿಸುತ್ತಾರೆ, ಆಕ್ಷೇಪದಲ್ಲಿ ಹುರುಳಿದೆ. ಸಾರ್ವಜನಿಕ ಸಂಗ್ರಹಗಳಲ್ಲಿ ಎನ್‌ಫೀಲ್ಡಿನ ಹಳೆಯ ಮಾದರಿಕೋಣೆಯ ರೈಫಲ್‌ಗಳನ್ನು ಪಡೆದಿರುವ ಲೀಡ್ಸ್‌ನ ರಾಯಲ್ ಆರ್ಮರೀಸ್, ಪ್ಯಾರಿಸ್ಸಿನ ಸೇನಾ ವಸ್ತುಸಂಗ್ರಹಾಲಯ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ, ಓಬರ್ನ್‌ಡಾರ್ಫಿನ ಶಸ್ತ್ರ ಸಂಗ್ರಹಾಲಯಗಳು ಮುಖ್ಯವಾದವು. ಭಾರತದಲ್ಲಿ ಲೀ ವಂಶದ ರೈಫಲ್ ಪೊಲೀಸರ ಕೈಯಲ್ಲಿ ಬಹುಕಾಲ ಉಳಿಯಿತು. ಉತ್ತರ ಪ್ರದೇಶ ಪೊಲೀಸ್ ಪಡೆ .303ಕ್ಕೆ ವಿಧ್ಯುಕ್ತ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.